ಮಗು ವಾರ್ಡಿನಲ್ಲಿದ್ದ ದಿನಗಳ ಬಗ್ಗೆ ತಾಯಿಯನ್ನು ಏನೆಂದು ಕೇಳಬೇಕು?

ಛತ್ರಪತಿ ಸಂಭಾಜಿನಗರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಜನರ ಬಾಯಲ್ಲಿ ‘ಘಾಟಿ’. ಜಾಲ್ನಾ, ಬೀಡ್ ಕಡೆಯ ಹಳ್ಳಿಗಳಿಂದಲೂ ಮಕ್ಕಳನ್ನು ಎತ್ತಿಕೊಂಡು ಅಲ್ಲಿಗೆ ಬರುತ್ತಾರೆ. ನಾಸಿಕ್‌ನ ಸರ್ಕಾರಿ ಆಸ್ಪತ್ರೆಗೆ ಪೇಠ್, ಸುರಗಾಣಾ ತಾಲ್ಲೂಕುಗಳ ಆದಿವಾಸಿ ಕುಟುಂಬಗಳು ಬರುತ್ತವೆ. ಸಿಸ್ಟರ್‌ಗಳ ಆರೈಕೆ ಈ ತಂದೆತಾಯಿಗೆ ಸಮಾಧಾನ ಕೊಟ್ಟಿತೇ ಎಂದು ತಿಳಿಯಲು ಸಾಮಾನ್ಯವಾಗಿ ಬಳಸುವುದು ಪ್ರಶ್ನಾವಳಿ.

ಒಂದೊಂದು ಪ್ರಶ್ನೆಗೂ 1ರಿಂದ 5ರವರೆಗೆ ಅಂಕ. 20 ಪ್ರಶ್ನೆಗಳಿದ್ದರೆ ಒಟ್ಟು 100. ಎಡವಟ್ಟಾಗುವುದು ಈ ಒಟ್ಟು ಅಂಕದಲ್ಲೇ. ತಾಯಿ 19 ಪ್ರಶ್ನೆಗಳಿಗೆ 4 ಕೊಟ್ಟು, ‘ಯಾವ ಔಷಧಿ, ಯಾಕೆ ಎಂದು ಹೇಳಿದರೇ’ ಎಂಬುದಕ್ಕೆ 1 ಕೊಟ್ಟಳು ಎನ್ನಿ. ಮೊತ್ತ 77. ವರದಿಯಲ್ಲಿ ‘ಉತ್ತಮ’ ಎಂದು ಬರುತ್ತದೆ, ಆ 1 ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿಯೇ ಮಕ್ಕಳ ಚಿಕಿತ್ಸೆಯ ಬಗ್ಗೆ ಹೆತ್ತವರ ಸಮಾಧಾನ ಅಳೆಯಲು ರೂಪಿಸಿದ ಪೆಡ್ಸ್‌ಕ್ಯೂಎಲ್‌ನಂಥ ಪ್ರಶ್ನಾವಳಿಗಳು ಮಾಹಿತಿ, ಮಾತುಕತೆ, ಕೆಲಸದ ಕೌಶಲ, ಮನೆಯವರನ್ನು ಜೊತೆಗೆ ಸೇರಿಸಿಕೊಂಡ ಬಗೆ, ಮನಸ್ಸಿಗೆ ಕೊಟ್ಟ ಧೈರ್ಯ ಇವನ್ನೆಲ್ಲ ಬೇರೆಬೇರೆಯಾಗಿ ಲೆಕ್ಕ ಹಾಕುತ್ತವೆ.

ಅಂಕ ಉಬ್ಬುವುದಕ್ಕೆ ಇನ್ನೊಂದು ಕಾರಣವಿದೆ. ಮಗು ಇನ್ನೂ ಮಂಚದ ಮೇಲಿದೆ, ರಾತ್ರಿ ಇಂಜೆಕ್ಷನ್ ಕೊಡಲು ಬರುವವರು ಇದೇ ಸಿಸ್ಟರ್. ಅವರೇ ಫಾರಂ ಹಿಡಿದು ‘ಸಮಾಧಾನ ಇದೆಯಾ’ ಎಂದರೆ ಯಾವ ತಾಯಿ ಇಲ್ಲ ಎಂದಾಳು? ಓದುಬಾರದವಳಿಗೆ ಪ್ರಶ್ನೆಯನ್ನು ಓದಿ ಹೇಳುವವರೂ ಅವರೇ ಆದರೆ ಮುಗಿಯಿತು. ಮನೆಯಲ್ಲಿ ಕೋಕಣಾ ಅಥವಾ ಅಹಿರಾಣಿ ಆಡುವವಳಿಗೆ ಪುಸ್ತಕದ ಮರಾಠಿಯ ಪ್ರಶ್ನೆ ಅರ್ಧಂಬರ್ಧ ತಿಳಿಯುತ್ತದೆ. ವಾರ್ಡಿಗೆ ಸಂಬಂಧವಿಲ್ಲದವರು, ಡಿಸ್ಚಾರ್ಜ್ ಆದ ಮೇಲೆ, ಅವಳ ಮಾತಿನಲ್ಲೇ ಕೇಳಬೇಕು.

ಕೇಳುವುದಾದರೂ ಏನನ್ನು? ನನ್ನ ಮಟ್ಟಿಗೆ, ನಡೆದದ್ದನ್ನು. ಸಲೈನ್ ಏರಿಸಲು ಪುಟ್ಟ ಕೈಗೆ ಕ್ಯಾನುಲಾ ಹಾಕುವ ಹೊತ್ತನ್ನೇ ನೋಡಿ. ಸೂಜಿ ಚುಚ್ಚುವ ಮೊದಲು ನಿಮಗೆ ಹೇಳಿದರೇ? ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಲು ಬಿಟ್ಟರೇ, ಇಲ್ಲ ಹೊರಗೆ ಕಳಿಸಿದರೇ? ಆಮೇಲೆ ಕೈ ಊದಿದೆಯೇ ಎಂದು ಅವರಾಗಿಯೇ ಬಂದು ನೋಡಿದರೇ, ನೀವೇ ಹೋಗಿ ಕರೆಯಬೇಕಾಯಿತೇ? ಮಕ್ಕಳಿಗೆ ಔಷಧಿಯ ಪ್ರಮಾಣ ನಿಲ್ಲುವುದು ತೂಕದ ಮೇಲೆ. ಸೇರಿಸಿಕೊಂಡ ದಿನ ತೂಕ ನೋಡಿದರೇ? ಇವಕ್ಕೆ ಹೌದು, ಇಲ್ಲ ಎನ್ನುವುದು ಸುಲಭ, ಯಾರ ಮೇಲೂ ದೂರು ಹೇಳಿದಂತಾಗುವುದಿಲ್ಲ. ಹೆತ್ತವರು ಮಗುವಿನ ಬಳಿ ಇರಬೇಕೆಂದು ಬ್ರಿಟನ್ನಿನ ಪ್ಲ್ಯಾಟ್ ವರದಿ ಹೇಳಿದ್ದು 1959ರಲ್ಲಿ. ಹಾಗೆ ಇರಲು ಬಿಟ್ಟರೇ ಎಂಬುದನ್ನು ನಾವಿನ್ನೂ ಕೇಳಿ ತಿಳಿಯಬೇಕಾಗಿದೆ.

ಸಿಸ್ಟರ್‌ಗಳ ಪರವಾಗಿಯೂ ಒಂದು ಮಾತು. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಮಗುವನ್ನು ನೋಡಿಕೊಂಡ ಪಾಳಿಯಲ್ಲಿ ಒಬ್ಬರ ಪಾಲಿಗೆ ಎಷ್ಟು ಮಕ್ಕಳಿದ್ದರು ಎಂಬುದನ್ನು ಅಂಕದ ಪಕ್ಕದಲ್ಲಿ ಬರೆಯದಿದ್ದರೆ, ಸಿಬ್ಬಂದಿ ಕೊರತೆಯ ತಪ್ಪು ಸಿಸ್ಟರ್‌ಗಳ ತಲೆಗೆ ಬರುತ್ತದೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ಮಕ್ಕಳ ಸೇವೆಯ ಗುಣಮಟ್ಟಕ್ಕೆಂದು ಕೇಂದ್ರ ಸರ್ಕಾರ 2021ರಲ್ಲಿ ‘ಮುಸ್ಕಾನ್’ ಆರಂಭಿಸಿತು. ಅದಕ್ಕೂ ಮೊದಲಿನ, 2016ರ ‘ಮೇರಾ ಅಸ್ಪತಾಲ್’ ವ್ಯವಸ್ಥೆಯಲ್ಲಿ ಎಸ್ಸೆಮ್ಮೆಸ್, ಕರೆಗಳ ಮೂಲಕ ಆಸ್ಪತ್ರೆಗೆ ಬಂದವರ ಅಭಿಪ್ರಾಯ ಕೇಳುತ್ತಾರೆ. ಆ ಸಂದೇಶ, ಕರೆ ಹೋಗುವುದು ನೋಂದಣಿಯಲ್ಲಿ ಬರೆಸಿದ ಮೊಬೈಲಿಗೆ. ಆದ್ದರಿಂದ ಚೀಟಿ ಮಾಡಿಸುವಾಗ ಮಗುವಿನ ಪಕ್ಕದಲ್ಲಿರುವವರ ನಂಬರನ್ನೇ ಕೊಡಿ. ಊರಲ್ಲಿರುವ ಅಜ್ಜನ ನಂಬರ್ ಬರೆಸಿದರೆ, ವಾರ್ಡನ್ನೇ ಕಾಣದವರು ಉತ್ತರ ಹೇಳಬೇಕಾಗುತ್ತದೆ.