ಹಳೆಯ ಜಾವಾದ ಎಂಜಿನು ಬಿಚ್ಚುವ ಮೊದಲು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಮೊದಲು ಜಾವಾ, ಆಮೇಲೆ ಯೆಜ್ಡಿ ಎಂಬ ಹೆಸರಿನಲ್ಲಿ ತಯಾರಾದ ಮೋಟಾರ್ ಸೈಕಲ್ಲುಗಳು ನಮ್ಮ ತಾಳವಾಡಿ ಸೀಮೆಯ ಕೆಲವು ಕೊಟ್ಟಿಗೆಗಳಲ್ಲಿ ಇಂದಿಗೂ ಉಂಟು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಾಡಿಗಳು ಮಾತ್ರ ಹಾಲಿನ ಕ್ಯಾನು, ಕೋಸಿನ ಮೂಟೆ ಹೊತ್ತು ಓಡುತ್ತಿವೆ. ಇಂತಹ ಎಂಜಿನನ್ನು ಬಿಚ್ಚಿ ಕಟ್ಟಿಸುವ ಖರ್ಚು ರೈತನಿಗೆ ಸಣ್ಣದಲ್ಲ. ಕಟ್ಟಿಸಿದ ವಾರದಲ್ಲೇ ದಿಂಬಂ ಘಾಟಿಯಲ್ಲಿ ಪಿಸ್ಟನ್ ಕಚ್ಚಿಕೊಂಡು ನಿಂತರೆ ಆ ಹಣವೂ ಹೋಯಿತು, ಅಂದಿನ ತರಕಾರಿಯೂ ಹೋಯಿತು. ಹೀಗಾದಾಗ ಪಿಸ್ಟನ್ ಕಳಪೆಯೆಂದು ಬೈಯುವವರೇ ಹೆಚ್ಚು. ತಪ್ಪು ಬಹಳ ಸಲ ಬೇರೆ ಕಡೆ ಇರುತ್ತದೆ.

ಇದು ಟೂ ಸ್ಟ್ರೋಕ್ ಎಂಜಿನು. ಇದರಲ್ಲಿ ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕಿನ ಪೆಟ್ಟಿಗೆಯೇ ಒಂದು ಪಂಪಿನಂತೆ ಕೆಲಸ ಮಾಡುತ್ತದೆ. ಪಿಸ್ಟನ್ ಮೇಲೇರಿದಾಗ ಗಾಳಿ, ಪೆಟ್ರೋಲು, ಎಣ್ಣೆ ಮೂರೂ ಸೇರಿ ಆ ಪೆಟ್ಟಿಗೆಗೆ ಬರುತ್ತವೆ. ಕೆಳಗಿಳಿದಾಗ ಅಲ್ಲಿಂದ ಸಿಲಿಂಡರಿಗೆ ಏರುತ್ತವೆ. ಪೆಟ್ಟಿಗೆಗೆ ಎಲ್ಲಾದರೂ ಸಣ್ಣ ಸಂದಿನಿಂದ ಹೊರಗಿನ ಗಾಳಿ ನುಗ್ಗಿದರೆ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಅದರೊಡನೆ ಎಣ್ಣೆಯೂ ಕಡಿಮೆಯಾಗುತ್ತದೆ. ಬಿಸಿ ಏರಿ ಪಿಸ್ಟನ್ ಹಿಗ್ಗಿ ಸಿಲಿಂಡರನ್ನು ಕಚ್ಚುತ್ತದೆ.

ಆದುದರಿಂದ ಪೆಟ್ಟಿಗೆಯ ಎರಡು ಹೋಳುಗಳನ್ನು ಬಿಡಿಸುವಾಗ ಸಂದಿಗೆ ಸ್ಕ್ರೂ ಡ್ರೈವರ್ ತುರುಕಿ ಮೀಟಬಾರದು. ಅಲ್ಯುಮಿನಿಯಂ ಮೆತ್ತಗಿನ ಲೋಹ. ಒಂದು ಗೀರು ಬಿದ್ದರೂ ಅಲ್ಲಿಂದ ಗಾಳಿ ಸೇರುತ್ತದೆ. ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳನ್ನು, ಕಣ್ಣಿಗೆ ಚೆನ್ನಾಗಿ ಕಂಡರೂ, ಹೊಸದಾಗಿಯೇ ಹಾಕಿಸಬೇಕು. ಕ್ಲಚ್ ಕಡೆಯ ಸೀಲು ಹೋದರೆ ಗೇರಿನ ಎಣ್ಣೆ ಒಳಗೆ ಸೆಳೆದು ದಟ್ಟ ಹೊಗೆ ಬರುತ್ತದೆ, ಹಾಗಾಗಿ ಬೇಗ ಗೊತ್ತಾಗುತ್ತದೆ. ಡೈನಮೋ ಕಡೆಯದು ಹೋದರೆ ಹೊಗೆಯೂ ಇಲ್ಲ, ಸದ್ದೂ ಇಲ್ಲ. ಆಕ್ಸಿಲರೇಟರ್ ಬಿಟ್ಟರೂ ಎಂಜಿನಿನ ವೇಗ ಕೂಡಲೇ ಇಳಿಯದಿದ್ದರೆ ಆ ಸೀಲನ್ನೂ ಕಾರ್ಬೊರೇಟರಿನ ಪ್ಯಾಕಿಂಗನ್ನೂ ಸಂಶಯಪಡಿರಿ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಸಾವಿರಗಟ್ಟಲೆ ಕಳೆದವರನ್ನು ಕಂಡಿದ್ದೇವೆ.

ಎರಡನೆಯ ತಪ್ಪು ಲೇತಿನ ಅಂಗಡಿಯಲ್ಲಿ ಆಗುತ್ತದೆ. ಮೊದಲು ಬೋರು ಹಾಕಿಸಿ ಆಮೇಲೆ ಪಿಸ್ಟನ್ ಕೊಳ್ಳುವ ರೂಢಿ ನಮ್ಮಲ್ಲಿ ಉಂಟು. ಇದು ತಲೆಕೆಳಗಾದ ಕ್ರಮ. 250 ಸಿ.ಸಿ. ಜಾವಾದ ಸಿಲಿಂಡರಿನ ಅಗಲ 65 ಮಿ.ಮೀ.; ಓವರ್‌ಸೈಜ್ ಪಿಸ್ಟನ್ ಯಾವ ಅಳತೆಯದೆಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ಒಂದಕ್ಕೊಂದು ಕೂದಲೆಳೆಯಷ್ಟು ವ್ಯತ್ಯಾಸ ಬರುವುದುಂಟು. ಪಿಸ್ಟನ್ನನ್ನೇ ಒಯ್ದು ಕೊಟ್ಟು, ಅದನ್ನು ಅಳೆದು ಬೋರು ಹಾಕೆಂದು ಹೇಳಬೇಕು. ಬೋರಾದ ಮೇಲೆ ಪೋರ್ಟುಗಳ ಅಂಚು ಚಾಕುವಿನಂತೆ ಹರಿತವಾಗಿರುತ್ತದೆ. ಅದನ್ನು ನಯಮಾಡದಿದ್ದರೆ ರಿಂಗು ಸಿಕ್ಕಿಕೊಂಡು ಮುರಿಯುತ್ತದೆ.

ರಿಂಗನ್ನು ಬರಿದೇ ಸಿಲಿಂಡರಿನಲ್ಲಿಟ್ಟು ಅದರ ಎರಡು ತುದಿಗಳ ನಡುವಣ ಸಂದನ್ನು ಫೀಲರ್ ಗೇಜಿನಿಂದ ನೋಡಿರಿ. ಸಿಲಿಂಡರಿನ ಅಗಲದ ಒಂದು ಅಂಗುಲಕ್ಕೆ ಸಾವಿರದಲ್ಲಿ ನಾಲ್ಕು ಅಂಗುಲದಷ್ಟು ಎಂಬುದು ಹಳೆಯ ಲೆಕ್ಕ. ಇಲ್ಲಿಗೆ ಸುಮಾರು ಕಾಲು ಮಿ.ಮೀ. ಆಗುತ್ತದೆ. ರಿಂಗಿನ ತುದಿಗಳು ಪಿಸ್ಟನ್ನಿನ ಗಾಡಿಯಲ್ಲಿರುವ ಸಣ್ಣ ಪಿನ್ನಿನ ಎರಡು ಬದಿಗೆ ಕೂತಿವೆಯೇ ಎಂದು ನೋಡಿಯೇ ಸಿಲಿಂಡರನ್ನು ಇಳಿಸಬೇಕು. ಪಿಸ್ಟನ್ ತಲೆಯ ಬಾಣದ ಗುರುತು ಸೈಲೆನ್ಸರಿನ ಕಡೆಗಿರಬೇಕು.

ಪಿಸ್ಟನ್ ಪಿನ್ನಿನ ಲಾಕುಗಳ ವಿಷಯದಲ್ಲಿ ಈ ಲೇಖಕನೇ ಪಾಠ ಕಲಿತವನು. ಗಟ್ಟಿಯಾಗಿಯೇ ಇದೆಯೆಂದು ಒಮ್ಮೆ ಹಳೆಯ ಲಾಕನ್ನೇ ಒತ್ತಿ ಹಾಕಿದೆ. ಮೂರನೆಯ ದಿನ ಅದು ಕಳಚಿ, ಹೊಸ ಬೋರಿನ ಉದ್ದಕ್ಕೂ ಉಳುಮೆ ಮಾಡಿಬಿಟ್ಟಿತು. ಮೆಕ್ಯಾನಿಕ್ಕನ ಎದುರು ತಲೆಯೆತ್ತಲಾಗಲಿಲ್ಲ. ಲಾಕು ಹಾಕುವಾಗ ಪೆಟ್ಟಿಗೆಯ ಬಾಯಿಗೆ ಶುಭ್ರವಾದ ಬಟ್ಟೆ ಮುಚ್ಚಿರಿ. ಕೈಜಾರಿ ಒಳಗೆ ಬಿದ್ದರೆ ಮತ್ತೆ ಎಲ್ಲವನ್ನೂ ಬಿಚ್ಚಬೇಕಾದೀತು.

ಎಣ್ಣೆಯ ಲೆಕ್ಕವನ್ನೂ ಹೇಳಬೇಕು. ಹೊಸದಾಗಿ ಕಟ್ಟಿದ ಎಂಜಿನಿಗೆ ಮೊದಲ 500 ಕಿಲೋಮೀಟರು ಲೀಟರಿಗೆ 50 ಮಿ.ಲೀ., ಆಮೇಲೆ 40 ಮಿ.ಲೀ. ಟೂ ಸ್ಟ್ರೋಕ್ ಎಣ್ಣೆ ಸಾಕು. ಇನ್ನೂ ಹೆಚ್ಚು ಹಾಕಿದರೆ ಕ್ಷೇಮವೆಂಬುದು ಭ್ರಮೆ. ಅದೇ ಜೆಟ್ಟಿನಲ್ಲಿ ಎಣ್ಣೆ ಹೆಚ್ಚಾದಷ್ಟೂ ಪೆಟ್ರೋಲು ಕಡಿಮೆ ಇಳಿಯುತ್ತದೆ, ಬಿಸಿ ಏರುತ್ತದೆ. ಬೇರೆ ಡಬ್ಬಿಯಲ್ಲಿ ಕಲಕಿಯೇ ಟ್ಯಾಂಕಿಗೆ ಸುರಿಯಿರಿ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥನಾಲ್ ಇರುವುದರಿಂದಲೂ ಮಿಶ್ರಣ ತೆಳುವಾಗುತ್ತದೆ. ಮುಖ್ಯ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಬೇಕೇ ಎಂದು ಮೆಕ್ಯಾನಿಕ್ಕನನ್ನು ಕೇಳಿರಿ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬೊರೇಟರನ್ನು ಬರಿದು ಮಾಡಿಡಿ, ಆ ಪೆಟ್ರೋಲು ನೀರನ್ನು ಹೀರುತ್ತದೆ.

ಕೊನೆಯದಾಗಿ, ಸತ್ಯಮಂಗಲದ ಸಂತೆಗೆ ಹೋಗುವವರಿಗೆ. ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ, ಕೆಳಗಿನ ಗೇರಿನಲ್ಲಿ ಎಂಜಿನಿನ ಬಲದಿಂದಲೇ ಗಾಡಿಯನ್ನು ಹಿಡಿದಿಡುವುದು ಫೋರ್ ಸ್ಟ್ರೋಕ್ ಗಾಡಿಗೆ ಸರಿ, ಜಾವಾಕ್ಕೆ ಅಪಾಯ. ಪೆಟ್ರೋಲು ನಿಂತರೆ ಎಣ್ಣೆಯೂ ನಿಲ್ಲುತ್ತದೆ, ಪಿಸ್ಟನ್ ಮಾತ್ರ ಓಡುತ್ತಲೇ ಇರುತ್ತದೆ. ಬ್ರೇಕುಗಳನ್ನು ಮೊದಲೇ ಸರಿಪಡಿಸಿಕೊಂಡು, ನಡುನಡುವೆ ಕ್ಲಚ್ ಹಿಡಿದು ಆಕ್ಸಿಲರೇಟರನ್ನು ಸ್ವಲ್ಪ ತಿರುಗಿಸುತ್ತಾ ಇಳಿಯಿರಿ. ಬಣ್ಣಾರಿಯಲ್ಲಿ ನಿಲ್ಲಿಸಿ, ಎಂಜಿನು ಸ್ವಲ್ಪ ಆರಿದ ಮೇಲೆ ಪ್ಲಗ್ಗನ್ನು ಬಿಚ್ಚಿ ನೋಡಿರಿ: ಕಾಫಿಪುಡಿಯ ಬಣ್ಣವಿದ್ದರೆ ಸರಿ, ಸುಣ್ಣದಂತೆ ಬಿಳಿಚಿದ್ದರೆ ಗಾಳಿ ಎಲ್ಲಿ ಸೇರುತ್ತಿದೆಯೆಂದು ಪತ್ತೆಮಾಡದೆ ಘಾಟಿ ಹತ್ತಬೇಡಿರಿ.