ಕಾರಂತರ ಕಾರ್ಖಾನೆ

ಪುತ್ತೂರಿನ ಪರ್ಲಡ್ಕದಲ್ಲಿ ಬಾಲವನವಿದೆ. ವಾಸದ ಮನೆ, ಮಕ್ಕಳ ಶಾಲೆ, ನಾಟ್ಯಶಾಲೆ ಎಲ್ಲವೂ ಒಂದೇ ಆವರಣದಲ್ಲಿ. ಶಿವರಾಮ ಕಾರಂತರು ದಶಕಗಳ ಕಾಲ ಇದ್ದು ಬರೆದದ್ದು ಇಲ್ಲಿ. ತಿಂಗಳ ಸಂಬಳದ ಆಸರೆಯಿಲ್ಲದೆ ಬರವಣಿಗೆಯನ್ನೇ ನೆಚ್ಚಿಕೊಂಡ ಮನುಷ್ಯ ಏನೆಲ್ಲ ಮಾಡಬೇಕಾಗುತ್ತದೆ ಎಂಬುದಕ್ಕೆ ಅವರಷ್ಟು ಒಳ್ಳೆಯ ಉದಾಹರಣೆ ಕನ್ನಡದಲ್ಲಿ ಕಡಿಮೆ.

1902ರಲ್ಲಿ ಕೋಟದಲ್ಲಿ ಹುಟ್ಟಿದ ಕಾರಂತರು ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟರು. ಕೈಗೆತ್ತಿಕೊಂಡದ್ದು ‘ವಸಂತ’ ಮಾಸಪತ್ರಿಕೆ. ಆ ದಿನಗಳಲ್ಲಿ ಬರೆದ ಮೊದಮೊದಲ ಕಾದಂಬರಿಗಳು ಪತ್ತೇದಾರಿ ಬಗೆಯವು. 1933ರ ‘ಚೋಮನ ದುಡಿ’ಯ ಹೊತ್ತಿಗೆ ಅವರ ಕಣ್ಣು ಉಳಲು ತುಂಡು ನೆಲವಿಲ್ಲದ ಚೋಮನ ಮೇಲೆ ನೆಟ್ಟಿತ್ತು.

ಅವರ ಬರವಣಿಗೆಯ ರೀತಿಯೇ ಬೇರೆ. ವಸ್ತು ತಲೆಯೊಳಗೆ ಬಹುಕಾಲ ಮಾಗಬೇಕು. ಕೂತ ಮೇಲೆ ಕಾದಂಬರಿ ಕೆಲವೇ ದಿನಗಳಲ್ಲಿ ಮುಗಿಯಬೇಕು. ತಿದ್ದಿ ತೀಡುವ ಗೋಜು ಕಡಿಮೆ. ಮುಂದೆ ಬಾಯಲ್ಲಿ ಹೇಳಿ ಬರೆಸುವುದೇ ರೂಢಿಯಾಯಿತು. ಸಾಲಿಗ್ರಾಮದಲ್ಲಿ ನೆಲೆಸಿದ ಮೇಲೆ ಆ ಕೆಲಸಕ್ಕೆ ಜೊತೆಯಾದವರು ಮಾಲಿನಿ ಮಲ್ಯ.

ವಸ್ತು ಸಿಗುತ್ತಿದ್ದದ್ದು ತಿರುಗಾಟದಲ್ಲಿ. ಘಟ್ಟದ ಬುಡದ ಕಾಡುಗಳಲ್ಲಿ ಅಲೆದಾಡಿದ್ದರಿಂದ ‘ಬೆಟ್ಟದ ಜೀವ’ದ ಗೋಪಾಲಯ್ಯ ಕಣ್ಣಿಗೆ ಕಟ್ಟುತ್ತಾನೆ, ಕಡಲ ತಡಿಯ ಬದುಕನ್ನು ಬಲ್ಲವರಾದ್ದರಿಂದ ‘ಮರಳಿ ಮಣ್ಣಿಗೆ’ಯಲ್ಲಿ ಒಂದು ಮನೆತನದ ಮೂರು ತಲೆಮಾರು ತುಂಬಿಕೊಂಡಿತು. ಬಯಲಾಟದ ಬೆನ್ನು ಹತ್ತಿದ್ದು ‘ಯಕ್ಷಗಾನ ಬಯಲಾಟ’ವಾಯಿತು. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.

ಹೊಟ್ಟೆಪಾಡಿನ ಪ್ರಶ್ನೆ ಮಾತ್ರ ಬಿಡಲಿಲ್ಲ. ಪುಸ್ತಕ ಅಚ್ಚು ಮಾಡಲು ಸ್ವಂತ ಮುದ್ರಣಾಲಯ ನಡೆಸಿದರು, ರಕ್ಷಾಪುಟದ ಚಿತ್ರಗಳನ್ನೂ ಬರೆದರು. ಪಠ್ಯಪುಸ್ತಕ, ನಿಘಂಟು ಯಾವುದಕ್ಕೂ ಒಲ್ಲೆನೆನ್ನಲಿಲ್ಲ. ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’, ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಒಬ್ಬರ ಕೈಯಿಂದಲೇ ಬಂದವು. ಸಂಸ್ಥೆಯೊಂದು ತಂಡ ಕಟ್ಟಿ ಮಾಡುವ ಕೆಲಸ ಅದು.

ಇಷ್ಟೆಲ್ಲದರ ನಡುವೆ 45ಕ್ಕೂ ಹೆಚ್ಚು ಕಾದಂಬರಿಗಳು. 1977ರಲ್ಲಿ ‘ಮೂಕಜ್ಜಿಯ ಕನಸುಗಳು’ ಕೃತಿಗೆ ಜ್ಞಾನಪೀಠ ಸಂದಿತು.

ಹಾಗೆಂದು ಅವರು ಬರೆಯುವ ಮೇಜಿಗೇ ಅಂಟಿಕೊಂಡವರಲ್ಲ. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣ ಹಿಂತಿರುಗಿಸಿದರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರ ಲೋಕಸಭಾ ಚುನಾವಣೆಗೆ ನಿಂತು ಸೋತರು. ಬರವಣಿಗೆ ಮಾತ್ರ ನಿಲ್ಲಲಿಲ್ಲ. 95ರ ವಯಸ್ಸಿನಲ್ಲಿ ಅವರು ಹಿಡಿದ ವಿಷಯ ಹಕ್ಕಿಗಳು. 1997ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಆ ಪುಸ್ತಕವನ್ನು ಧಾರವಾಡದ ಮನೋಹರ ಗ್ರಂಥಮಾಲೆ 2002ರಲ್ಲಿ ಹೊರತಂದಿತು.