ಶಿಕ್ಷಕನ ಸಾಮರ್ಥ್ಯವೂ ಶಿಷ್ಯರ ಸಹಜಬಲವೂ

ಜಯಾಪಜಯಗಳ ಸಂಖ್ಯೆಯೊಂದನ್ನೇ ನೋಡಿ ಕ್ರೀಡಾಶಿಕ್ಷಕನ ಯೋಗ್ಯತೆಯನ್ನು ನಿರ್ಣಯಿಸುವುದು ಲೋಕರೂಢಿ. ಈ ರೂಢಿಯು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದು ವಿಚಾರಾರ್ಹವಾಗಿದೆ. ಫಲವು ಎರಡು ಕಾರಣಗಳಿಂದ ಉಂಟಾಗುವುದು: ಶಿಷ್ಯನು ತನ್ನೊಡನೆ ತಂದ ಬಲ ಒಂದು, ಶಿಕ್ಷಕನು ಅದಕ್ಕೆ ಕೂಡಿಸಿದ ಶಿಕ್ಷಣ ಇನ್ನೊಂದು. ಒಟ್ಟು ಮೊತ್ತವನ್ನು ಕಂಡು ಎರಡನೆಯದಕ್ಕೇ ಎಲ್ಲ ಕೀರ್ತಿಯನ್ನೂ ಸಲ್ಲಿಸುವುದು ಗಣಿತಕ್ಕೂ ಒಪ್ಪದು, ನೀತಿಗೂ ಒಪ್ಪದು.

ಕಂದಾಯದ ವ್ಯವಹಾರದಲ್ಲಿ ಈ ವಿವೇಕವು ಬಹುಕಾಲದಿಂದ ಇರುವುದು. ಮೈಸೂರು ಸೀಮೆಯಲ್ಲಿ 1863ರಲ್ಲಿ ಮುಂಬಯಿ ಪ್ರಾಂತದ ಪದ್ಧತಿಯಂತೆ ಭೂಮಾಪನವು ಆರಂಭವಾದಾಗ, ಮಣ್ಣಿನ ಗುಣ, ಆಳ, ದೋಷಗಳನ್ನು ಪರೀಕ್ಷಿಸಿ ಹೊಲಗಳಿಗೆ ಆಣೆಗಳ ಲೆಕ್ಕದಲ್ಲಿ ತರಗತಿಯನ್ನು ಕಟ್ಟಿದರು. ಅಲ್ಲಿ ಗಣನೆಗೆ ಬಂದುದು ನೆಲದ ಶಕ್ತಿಯೇ ಹೊರತು ಉಳುವವನ ಜಾಣತನವಲ್ಲ. 1997ರಲ್ಲಿ ರಚಿತವಾದ ದಾವಣಗೆರೆ ಜಿಲ್ಲೆಯನ್ನೇ ನೋಡಬಹುದು. ಚನ್ನಗಿರಿಗೆ ಸೂಳೆಕೆರೆಯ ನೀರುಂಟು, ಅಡಕೆಯ ತೋಟಗಳುಂಟು. ಹೊನ್ನಾಳಿಯು ತುಂಗಭದ್ರೆಯ ದಡದಲ್ಲಿರುವುದು; ನ್ಯಾಮತಿಯು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಗುವವರೆಗೆ ಹೊನ್ನಾಳಿಗೇ ಸೇರಿದ್ದಿತು. ಜಗಳೂರು ಮಾತ್ರ ಮಳೆಯ ಅಭಾವಕ್ಕೆ ಹೆಸರಾದ ಸೀಮೆ. ಜಗಳೂರಿನ ಒಕ್ಕಲಿಗನ ಕಣದಲ್ಲಿ ರಾಶಿ ಚಿಕ್ಕದಾದರೆ ಅವನನ್ನು ಸೋಮಾರಿಯೆಂದು ಯಾವ ವಿವೇಕಿಯೂ ಹೇಳನು. ಕ್ರೀಡಾಶಿಕ್ಷಕನಿಗೆ ಈ ನ್ಯಾಯವು ದೊರೆಯುವುದು ಅಪರೂಪ.

ಈ ವಿಮರ್ಶೆಯು ವಿಶೇಷವಾಗಿ ಬೆಳೆದಿರುವುದು ಅಮೆರಿಕಾದ ವಿಶ್ವವಿದ್ಯಾನಿಲಯಗಳ ಫುಟ್‌ಬಾಲಿನಲ್ಲಿ. ಆ ದೇಶದಲ್ಲಿ ಈ ಹೆಸರುಳ್ಳ ಆಟವು ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಬಾಲಕರು ಪ್ರೌಢಶಾಲೆಯಲ್ಲಿರುವಾಗಲೇ ಪರೀಕ್ಷಕರು ಅವರಿಗೆ ಐದು ನಕ್ಷತ್ರಗಳವರೆಗೆ ಶ್ರೇಣಿಯನ್ನು ಕೊಡುವರು. ಒಂದು ತಂಡದವರ ಶ್ರೇಣಿಗಳನ್ನು ಕೂಡಿಸಿದರೆ ಅದರ ಸಹಜಬಲದ ಅಂದಾಜು ದೊರೆಯುವುದು. ಅಷ್ಟೇ ಬಲವುಳ್ಳ ತಂಡಗಳು ಅನೇಕ ವರ್ಷಗಳಲ್ಲಿ ಸರಾಸರಿಯಾಗಿ ಎಷ್ಟು ಪಂದ್ಯಗಳನ್ನು ಗೆದ್ದಿವೆಯೋ ಅದು ನಿರೀಕ್ಷಿತ ಫಲ. ಅದಕ್ಕಿಂತ ಮಿಕ್ಕುದು ಶಿಕ್ಷಕನ ಗಳಿಕೆ. ಒಂಬತ್ತನ್ನು ನಿರೀಕ್ಷಿಸಿದೆಡೆ ಒಂಬತ್ತನ್ನೇ ಗೆದ್ದವನಿಗಿಂತ, ನಾಲ್ಕನ್ನು ನಿರೀಕ್ಷಿಸಿದೆಡೆ ಏಳನ್ನು ಗೆದ್ದವನು ಈ ತೂಕದಲ್ಲಿ ಮೇಲು. ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾನಿಲಯದ ತಂಡವು ಸತತವಾಗಿ 27 ಪಂದ್ಯಗಳಲ್ಲಿ ಒಂದನ್ನೂ ಗೆಲ್ಲದೆ ಇದ್ದಾಗ, 1989ರಲ್ಲಿ ಬಿಲ್ ಸ್ನೈಡರ್ ಅದರ ಶಿಕ್ಷಕರಾದರು. 1998ರಲ್ಲಿ ಅದೇ ತಂಡವು ಋತುವಿನ ನಿಯತ ಪಂದ್ಯಗಳು ಹನ್ನೊಂದನ್ನೂ ಗೆದ್ದಿತು. ಹೆಸರಾಂತ ಬಾಲಕರು ಅರಸಿಕೊಂಡು ಬರುವ ಸ್ಥಳವಲ್ಲದ ಕಾರಣ ಆ ಜಯಗಳ ತೂಕ ಹೆಚ್ಚಿನದು.

ಆದರೆ ಈ ತಕ್ಕಡಿಯನ್ನು ಹಿಡಿಯುವಲ್ಲಿ ಮೂರು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ಸಹಜಬಲವನ್ನು ಶಿಕ್ಷಣಕ್ಕೆ ಮುಂಚೆಯೇ ಅಳೆಯತಕ್ಕದ್ದು. ಗೆದ್ದ ಮೇಲೆ ಶಿಷ್ಯರನ್ನು ಪ್ರತಿಭಾವಂತರೆಂದು ಕರೆದರೆ ಶಿಕ್ಷಕನ ಶ್ರಮವೇ ಶಿಷ್ಯನ ಲೆಕ್ಕಕ್ಕೆ ಜಮೆಯಾಗುವುದು. ಎರಡನೆಯದಾಗಿ, ಅಮೆರಿಕಾದಲ್ಲಿ ಆಟಗಾರರನ್ನು ಒಲಿಸಿ ಕರೆತರುವುದೂ ಶಿಕ್ಷಕನ ಕೆಲಸವೇ. 2007ರಿಂದ 2023ರವರೆಗೆ ಅಲಬಾಮಾ ವಿಶ್ವವಿದ್ಯಾನಿಲಯದ ತಂಡವನ್ನು ನಡೆಸಿ ಆರು ರಾಷ್ಟ್ರಪ್ರಶಸ್ತಿಗಳನ್ನು ಗಳಿಸಿದ ನಿಕ್ ಸೇಬನ್ನರಿಗೆ ಶ್ರೇಷ್ಠ ಬಾಲಕರು ಆಕಸ್ಮಿಕವಾಗಿ ದೊರೆತವರಲ್ಲ. ಆದುದರಿಂದ ಆಯ್ಕೆಗೊಂದು, ಶಿಕ್ಷಣಕ್ಕೊಂದು, ಹೀಗೆ ಎರಡು ಲೆಕ್ಕಗಳನ್ನು ಇಡಬೇಕು. ಮೂರನೆಯದಾಗಿ, ಒಂದು ಋತುವಿನ ಹತ್ತು ಹನ್ನೆರಡು ಪಂದ್ಯಗಳಲ್ಲಿ ದೈವದ ಪಾಲು ಅಧಿಕ. ಒಂದು ವರ್ಷದ ಬೆಳೆಯಿಂದ ಬೇಸಾಯಗಾರನನ್ನು ಅಳೆಯಬಾರದು.

ಕರ್ನಾಟಕದ ಕಾಲ್ಚೆಂಡಿನ ಇತಿಹಾಸವೂ ಇದನ್ನೇ ಸೂಚಿಸುವುದು. ಮೈಸೂರು ತಂಡವು ಸಂತೋಷ್ ಟ್ರೋಫಿಯನ್ನು 1946–47, 1952–53, 1967–68, 1968–69ರಲ್ಲಿ ಗೆದ್ದಿತು. ಐದನೆಯ ಸಲ ಅದು ನಾಡಿಗೆ ಬಂದುದು 2023ರ ಮಾರ್ಚಿಯಲ್ಲಿ, ರಿಯಾಧ್ ನಗರದಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ. ನಡುವಣ ಐದು ದಶಕಗಳ ಶಿಕ್ಷಕರೆಲ್ಲರೂ ಅಸಮರ್ಥರಾಗಿದ್ದರೆಂದು ಹೇಳಲಾದೀತೆ? ನಾಡಿನ ತಂಡಕ್ಕೆ ಬರುವ ಆಟಗಾರನು ಕ್ಲಬ್ಬಿನಲ್ಲಿ, ಅದಕ್ಕೂ ಮುಂಚೆ ಶಾಲೆಯ ಬಯಲಿನಲ್ಲಿ ರೂಪುಗೊಂಡಿರುವನು. ಕಡೆಯ ಶಿಕ್ಷಕನ ಫಲದಲ್ಲಿ ಮೊದಲ ಶಿಕ್ಷಕನ ಪಾಲು ಅಡಗಿರುವುದು.

ತಾಲ್ಲೂಕಿನ ಶಾಲೆಯ ವ್ಯಾಯಾಮೋಪಾಧ್ಯಾಯನಿಗೆ ಆಯ್ಕೆಯ ಸ್ವಾತಂತ್ರ್ಯವೇ ಇಲ್ಲ. ಊರಿನ ಮಕ್ಕಳೇ ಅವನ ತಂಡ. ಅವನು ತಿದ್ದಿದ ಉತ್ತಮ ಬಾಲಕನು ದೊಡ್ಡ ಊರಿನ ಕ್ರೀಡಾನಿಲಯಕ್ಕೆ ಹೋದರೆ ಮುಂದಿನ ಪದಕವು ಬೇರೊಬ್ಬರ ಹೆಸರಿನಲ್ಲಿ ಬರೆಯಲ್ಪಡುವುದು, ಅವನ ಶಾಲೆಯ ಪಟ್ಟಿಯಲ್ಲಿ ಸೋಲೇ ಉಳಿಯುವುದು. ಹೆಚ್ಚಿನ ಅಂಕಗಳುಳ್ಳವರನ್ನೇ ಸೇರಿಸಿಕೊಂಡು ನೂರಕ್ಕೆ ನೂರು ಫಲಿತಾಂಶವನ್ನು ತೋರಿಸುವ ಕಾಲೇಜಿಗೂ, ಬಂದವರೆಲ್ಲರಿಗೂ ಅಕ್ಷರವನ್ನು ಕಲಿಸುವ ಹಳ್ಳಿಯ ಪಾಠಶಾಲೆಗೂ ಇದೇ ನ್ಯಾಯವು ಅನ್ವಯಿಸುವುದು. ಶಿಷ್ಯನು ಎಲ್ಲಿಗೆ ಮುಟ್ಟಿದನೆಂಬುದರ ಜೊತೆಗೆ ಎಲ್ಲಿಂದ ಹೊರಟನೆಂಬುದನ್ನೂ ಬರೆದಿಟ್ಟಲ್ಲಿ ಮಾತ್ರ ಶಿಕ್ಷಕನ ತೂಕವು ತಿಳಿದೀತು.